ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಲಸಿಕೆ ಬಂದಿದೆಯೇ? ಫಾರ್ವರ್ಡ್ ಮಾಡುವ ಮೊದಲು ಓದಿ

“ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಲಸಿಕೆ ಸಿಕ್ಕಿದೆ, ಇನ್ನು ಹೆದರಬೇಕಿಲ್ಲ, ಎಲ್ಲ ಗ್ರೂಪ್‌ಗಳಿಗೂ ಕಳಿಸಿ.” ಇಂಥ ಸಂದೇಶ ನಿಮ್ಮ ಮೊಬೈಲಿಗೂ ಬಂದಿದ್ದರೆ, ಅದು ಪೂರ್ತಿ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ನಿಜ ಇಷ್ಟು. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಡಾ. ವಿನೋದ್ ಬಾಲಚಂದ್ರನ್ ಎಂಬ ಶಸ್ತ್ರಚಿಕಿತ್ಸಕರಿದ್ದಾರೆ. ಆಪರೇಷನ್ ಮಾಡುವುದರ ಜೊತೆಗೆ ಪ್ರಯೋಗಾಲಯವನ್ನೂ ನಡೆಸುತ್ತಾರೆ. ಈ ಕ್ಯಾನ್ಸರ್ ಬಂದವರಲ್ಲಿ ಬಹಳ ಕಡಿಮೆ ಜನ ಮಾತ್ರ ಅನೇಕ ವರ್ಷ ಬದುಕುತ್ತಾರೆ. ಅವರಲ್ಲೇನು ವಿಶೇಷ ಎಂದು ಬಾಲಚಂದ್ರನ್ ತಂಡ ಹುಡುಕಿತು. ಗಡ್ಡೆಯ ರೂಪಾಂತರಗೊಂಡ ಪ್ರೋಟೀನುಗಳನ್ನು ಅವರ ದೇಹದ ಟಿ-ಕೋಶಗಳು ‘ಶತ್ರು’ ಎಂದು ಗುರುತಿಸುತ್ತಿದ್ದವು. 2017ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಉಳಿದವರ ಟಿ-ಕೋಶಗಳಿಗೂ ಇದನ್ನು ಕಲಿಸಬಹುದೇ ಎಂಬ ಪ್ರಶ್ನೆಯಿಂದ ಲಸಿಕೆ ಹುಟ್ಟಿತು.

ಇದು ಪೋಲಿಯೋ ಹನಿಯಂಥ ಲಸಿಕೆಯಲ್ಲ. ರಬಕವಿ-ಬನಹಟ್ಟಿಯ ಮಗ್ಗದಲ್ಲಿ ಒಂದೇ ವಿನ್ಯಾಸದ ಸೀರೆ ನೂರಾರು ನೇಯಬಹುದು. ಇಲ್ಲಿ ಒಬ್ಬೊಬ್ಬ ರೋಗಿಗೂ ಬೇರೆ ವಿನ್ಯಾಸ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯನ್ನು ಜರ್ಮನಿಯ ಬಯೋಎನ್‌ಟೆಕ್ ಕಂಪನಿಗೆ ಕಳಿಸಿ, ಅದರ ರೂಪಾಂತರಗಳನ್ನು ಓದಿ, 20ರವರೆಗೆ ಗುರಿಗಳನ್ನು ಆರಿಸಿ ಎಂಆರ್‌ಎನ್‌ಎ ಲಸಿಕೆ ಮಾಡುತ್ತಾರೆ. ಅಂದರೆ ಇದು ರೋಗ ಬಾರದಂತೆ ತಡೆಯುವ ಚುಚ್ಚುಮದ್ದಲ್ಲ, ಗಡ್ಡೆ ತೆಗೆದ ಮೇಲೆ ರೋಗ ಮರುಕಳಿಸದಿರಲಿ ಎಂದು ಕೊಡುವಂಥದ್ದು.

ಮೊದಲ ಪ್ರಯೋಗದಲ್ಲಿ ಲಸಿಕೆ ಪಡೆದವರು ಕೇವಲ 16 ಜನ. 8 ಜನರಲ್ಲಿ ಟಿ-ಕೋಶಗಳು ಎಚ್ಚೆತ್ತವು. ಸುಮಾರು ಮೂರು ವರ್ಷಗಳ ನಂತರ, 2025ರ ವರದಿಯ ಪ್ರಕಾರ, ಆ ಎಂಟರಲ್ಲಿ ಇಬ್ಬರಿಗೆ ಮಾತ್ರ ರೋಗ ಮರುಕಳಿಸಿತ್ತು. ಉಳಿದ ಎಂಟರಲ್ಲಿ ಏಳು ಜನರಿಗೆ ಮರುಕಳಿಸಿತ್ತು. ಆಸೆ ಹುಟ್ಟಿಸುವ ಲೆಕ್ಕವೇ. ಆದರೆ ಬಹುತೇಕ ಎಲ್ಲರಿಗೂ ಕೀಮೋಥೆರಪಿಯೂ ಇನ್ನೊಂದು ಇಮ್ಯುನೋಥೆರಪಿ ಔಷಧವೂ ಸಿಕ್ಕಿದ್ದವು, ಹೋಲಿಕೆಗೆ ಲಸಿಕೆ ಇಲ್ಲದ ಗುಂಪು ಇರಲಿಲ್ಲ. ಟಿ-ಕೋಶ ಎಚ್ಚೆತ್ತವರು ಮೊದಲೇ ಗಟ್ಟಿಮುಟ್ಟಾಗಿದ್ದರೇ ಎಂಬ ಅನುಮಾನ ಉಳಿಯುತ್ತದೆ. ಅದಕ್ಕಾಗಿಯೇ ಸುಮಾರು 260 ಜನರ ದೊಡ್ಡ ಪ್ರಯೋಗ ಶುರುವಾಗಿದೆ. ಹಣ ಕಟ್ಟಿದರೆ ಈ ಲಸಿಕೆ ತರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಮಾತು. ಈ ಲಸಿಕೆಗೆ ಮೊದಲು ಆಪರೇಷನ್ ಆಗಬೇಕು. ರೋಗ ಪತ್ತೆಯಾಗುವಾಗ ಆಪರೇಷನ್ ಮಾಡಬಹುದಾದ ಹಂತದಲ್ಲಿರುವವರು ಐದರಲ್ಲಿ ಒಬ್ಬರಷ್ಟೇ. ಗ್ರಂಥಿ ಹೊಟ್ಟೆಯ ಹಿಂದೆ, ಬೆನ್ನಿಗೆ ಹತ್ತಿರ ಅಡಗಿರುವುದರಿಂದ ಗಡ್ಡೆ ಕೈಗೆ ಸಿಗುವುದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ ಕಡೆಯ ಓದುಗರು ಗಮನಿಸಬೇಕಾದದ್ದು ಕಾಮಾಲೆಯನ್ನು, ಅಂದರೆ ಕಾಮಣಿಯನ್ನು. ಕಣ್ಣು ಹಳದಿಯಾದೊಡನೆ ನಾಟಿ ಔಷಧಿಗೆ ಓಡುವ ರೂಢಿ ನಮ್ಮಲ್ಲಿದೆ. ವೈರಸ್‌ನಿಂದ ಬಂದ ಕಾಮಣಿ ಬಹುಪಾಲು ತಾನಾಗಿಯೇ ಇಳಿಯುತ್ತದೆ, ಹೆಸರು ಔಷಧಿಗೆ ಬರುತ್ತದೆ. ಆದರೆ ಗ್ರಂಥಿಯ ತಲೆಭಾಗದ ಗಡ್ಡೆ ಪಿತ್ತನಾಳವನ್ನು ಒತ್ತಿದಾಗಲೂ ಕಣ್ಣು ಹಳದಿಯಾಗುತ್ತದೆ. ಆಗ ಮೂತ್ರ ಕಡುಬಣ್ಣಕ್ಕೆ ತಿರುಗುತ್ತದೆ, ಮಲ ಬಿಳಿಚುತ್ತದೆ, ಮೈಯೆಲ್ಲ ತುರಿಕೆ, ಎಷ್ಟೋ ಸಲ ನೋವೇ ಇರುವುದಿಲ್ಲ. ಸೊಪ್ಪಿನ ರಸ ಕುಡಿಯುತ್ತ ಕಾಯ್ದ ವಾರಗಳಲ್ಲಿ ಆಪರೇಷನ್ನಿನ ಅವಕಾಶವೇ ಕೈತಪ್ಪಬಹುದು.

ಕಬ್ಬು-ಬೆಲ್ಲದ ನಾಡಿನಲ್ಲಿ ಇನ್ನೊಂದು ಫಾರ್ವರ್ಡೂ ಇದೆ: ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಸಾಯುತ್ತದೆ ಎಂದು. ಸುಳ್ಳು. ನೀವು ತಿನ್ನದಿದ್ದರೂ ದೇಹ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ. ಆದರೆ ಸಕ್ಕರೆ ಕಾಯಿಲೆಗೂ ಇದಕ್ಕೂ ನಂಟಿದೆ. 50 ದಾಟಿದ ಮೇಲೆ ಹೊಸದಾಗಿ ಶುಗರ್ ಬಂದವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಕಾಣಿಸಿಕೊಂಡಿದೆ ಎಂದು ಅಮೆರಿಕದ ಡಾ. ಸುರೇಶ್ ಚಾರಿ ಅವರ ತಂಡ 2005ರಲ್ಲಿ ತೋರಿಸಿತು. ಹಾಗಾಗಿ ಶುಗರ್ ಬಂದವರೆಲ್ಲ ಹೆದರಬೇಕಿಲ್ಲ. ಜೊತೆಗೆ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಅಥವಾ ಬೆನ್ನಿಗೆ ಹಬ್ಬುವ ಹೊಟ್ಟೆನೋವಿದ್ದರೆ ವೈದ್ಯರಿಗೆ ಹೇಳಿ. ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಈ ಗ್ರಂಥಿ ಸರಿಯಾಗಿ ಕಾಣದೆ ಹೋಗಬಹುದು, ಸಿಟಿ ಸ್ಕ್ಯಾನ್ ಬೇಕೇ ಎಂದು ಕೇಳಿ.