ಖಾಲಿಯಾದರೂ ಬಿಟ್ಟುಕೊಡದ ಜಾಗ

ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ದಾಟಿ ಕೆಂಗೇರಿ ಕಡೆ ಹೊರಟರೆ ಎಂಜಿನಿಯರಿಂಗ್ ಕಾಲೇಜುಗಳ ಬೋರ್ಡುಗಳು ಒಂದರ ಹಿಂದೊಂದು ಎದುರಾಗುತ್ತವೆ. 1963ರಲ್ಲಿ ಆರಂಭವಾದ ಆರ್.ವಿ. ಕಾಲೇಜು ಈ ಭಾಗದ ಹಿರಿಯ. ಮಲ್ಲತ್ತಹಳ್ಳಿಯ ಅಂಬೇಡ್ಕರ್ ತಾಂತ್ರಿಕ ಕಾಲೇಜು, ಕೆಂಗೇರಿ–ಉತ್ತರಹಳ್ಳಿ ರಸ್ತೆಯ ಜೆಎಸ್‌ಎಸ್, ಕುಂಬಳಗೋಡಿನ ಡಾನ್ ಬಾಸ್ಕೊ ಆಮೇಲಿನವು. ಎಲ್ಲವೂ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯಾಪ್ತಿಯವು.

ವಿಟಿಯುವಿನ 2015ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ಐದನೇ ಸೆಮಿಸ್ಟರಿಗೆ ನೆಟ್‌ವರ್ಕ್ ಲ್ಯಾಬ್ ಇತ್ತು. ಹಲವು ಪ್ರಯೋಗಗಳಿಗೆ ಎನ್‌ಎಸ್2 ಅಥವಾ ಎನ್‌ಎಸ್3ರಂಥ ಸಿಮ್ಯುಲೇಷನ್ ತಂತ್ರಾಂಶ ಬೇಕಿತ್ತು. ಅವು ಸಲೀಸಾಗಿ ನಡೆಯುವುದು ಲಿನಕ್ಸ್‌ನಲ್ಲಿ. ವಿಜಯನಗರದ ಪಿಜಿಯಲ್ಲೋ ಬಸವೇಶ್ವರನಗರದ ಮನೆಯಲ್ಲೋ ಕೂತು ಅಭ್ಯಾಸ ಮಾಡುವ ಹುಡುಗ ಹುಡುಗಿಯರ ಕೈಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ವಿಂಡೋಸ್ ಲ್ಯಾಪ್‌ಟಾಪ್. ವಿಂಡೋಸ್ ಅಳಿಸಿ ಲಿನಕ್ಸ್ ಹಾಕುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಸುಲಭದ ದಾರಿಯೆಂದರೆ ವರ್ಚುವಲ್‌ಬಾಕ್ಸ್: ವಿಂಡೋಸ್ ಒಳಗೇ ಇನ್ನೊಂದು ಕಂಪ್ಯೂಟರ್ ಇದೆಯೆಂದು ನಂಬಿಸಿ ಅದರಲ್ಲಿ ಉಬುಂಟು ಎಂಬ ಲಿನಕ್ಸ್ ಓಡಿಸುವುದು. ಒಳಗಿನ ಉಬುಂಟುವಿಗೆ ಹಾರ್ಡ್ ಡಿಸ್ಕ್ ಆಗಿ ಕಾಣುವುದು ಹೊರಗಿನ ವಿಂಡೋಸ್‌ಗೆ ಒಂದು ದೊಡ್ಡ ಫೈಲು, ಅಷ್ಟೇ. ಈ ಫೈಲಿಗೆ ಬೆಳೆಯುವುದು ಗೊತ್ತು, ಇಳಿಯುವುದು ಗೊತ್ತಿಲ್ಲ.

ಹೀಗೆ ಯಂತ್ರದೊಳಗೆ ನಡೆಯುವ ವರ್ಚುವಲ್ ಮಷೀನಿಗೆ ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಅಮೆರಿಕದ ಕೇಂಬ್ರಿಡ್ಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಸಂಗಡಿಗರು 1964ರಲ್ಲಿ ಕೆಲಸ ಹಿಡಿದು, 1967ರ ಹೊತ್ತಿಗೆ ಸಿಪಿ-40 ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದರು. ಒಂದೇ ಯಂತ್ರ, ಆದರೆ ಬಳಸುವ ಪ್ರತಿಯೊಬ್ಬರಿಗೂ ಅದು ತಮ್ಮದೇ ಸ್ವಂತ ಯಂತ್ರದಂತೆ ತೋರುತ್ತಿತ್ತು. ಇದೇ ವಿದ್ಯೆ 1972ರ ಆಗಸ್ಟ್‌ನಲ್ಲಿ ವಿಎಂ/370 ಎಂಬ ಹೆಸರಲ್ಲಿ ಗ್ರಾಹಕರ ಮುಂದೆ ಬಂತು. ಅಲ್ಲಿ ಪ್ರತಿ ಬಳಕೆದಾರರಿಗೂ ‘ಮಿನಿಡಿಸ್ಕ್’ ಕೊಡುತ್ತಿದ್ದರು: ನಿಜವಾದ ಡಿಸ್ಕಿನ ಇಂತಿಷ್ಟು ಸಿಲಿಂಡರುಗಳನ್ನು ಅಳೆದು ಒಪ್ಪಿಸಿದರೆ ಮುಗಿಯಿತು. ಬಳಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಜಾಗ ಪೋಲಾಗುತ್ತಿತ್ತು, ಉಬ್ಬುತ್ತಿರಲಿಲ್ಲ.

ಸಿಪಿ-40 ನಡೆದದ್ದು ಐಬಿಎಂನ ಸಿಸ್ಟಂ/360 ಯಂತ್ರದ ಮೇಲೆ. ಅದೇ ಕುಟುಂಬದ 44ನೇ ಮಾದರಿ 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂತು. 1978ರಲ್ಲಿ ಐಬಿಎಂ ಭಾರತ ಬಿಟ್ಟಿತು; ಟಾಟಾ ಜೊತೆಗೂಡಿ ಮರಳುವಷ್ಟರಲ್ಲಿ 1992. ಆಗ ಪಿಸಿಗಳ ಕಾಲ.

ಪಿಸಿಯ ಮೇಲೆ ವರ್ಚುವಲ್ ಮಷೀನ್ ಹೂಡಿ ತೋರಿಸಿದ ದೊಡ್ಡ ಹೆಸರು ವಿಎಂವೇರ್. ಡಯೇನ್ ಗ್ರೀನ್, ಮೆಂಡೆಲ್ ರೋಸೆನ್‌ಬ್ಲಮ್ ಮತ್ತಿತರರು 1998ರಲ್ಲಿ ಕಂಪನಿ ಕಟ್ಟಿ, 1999ರಲ್ಲಿ ‘ವರ್ಕ್‌ಸ್ಟೇಷನ್’ ತಂದರು. 2007ರ ಜನವರಿಯಲ್ಲಿ ಜರ್ಮನಿಯ ಇನ್ನೊಟೆಕ್ ವರ್ಚುವಲ್‌ಬಾಕ್ಸ್ ಅನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟಿತು. ಮರುವರ್ಷ ಅದು ಸನ್ ಪಾಲಾಯಿತು, 2010ರಲ್ಲಿ ಒರಾಕಲ್ ಪಾಲಾಯಿತು. ಕಾಸಿಲ್ಲದೆ ಸಿಗುವ ಈ ತಂತ್ರಾಂಶ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದಂತಿತ್ತು. ಇವುಗಳ ಡಿಸ್ಕ್ ಮಿನಿಡಿಸ್ಕಿನಂತೆ ಮೊದಲೇ ಅಳೆದು ಕೊಟ್ಟದ್ದೇ ಆಗಬೇಕಿಲ್ಲ. 20 ಜಿಬಿ ಎಂದು ಹೇಳಿ, ಬರೆದಷ್ಟಕ್ಕೆ ಮಾತ್ರ ಜಾಗ ಹಿಡಿಯುವ ಆಯ್ಕೆಯೂ ಇತ್ತು. ಜಾಗ ಉಳಿಸಲೆಂದೇ ಮಾಡಿದ ಈ ಏರ್ಪಾಟೇ ಮುಂದಿನ ಪೇಚಿಗೆ ಮೂಲ.

ಯಾಕೆಂದರೆ ಫೈಲೊಂದನ್ನು ಡಿಲೀಟ್ ಮಾಡಿದಾಗ ಆಪರೇಟಿಂಗ್ ಸಿಸ್ಟಂ ಅದರ ಅಕ್ಷರಗಳನ್ನು ಅಳಿಸುವುದಿಲ್ಲ. ‘ಇಲ್ಲಿ ಮತ್ತೆ ಬರೆಯಬಹುದು’ ಎಂದು ತನ್ನ ಲೆಕ್ಕದಲ್ಲಿ ಗುರುತು ಹಾಕಿಕೊಂಡು ಸುಮ್ಮನಾಗುತ್ತದೆ. ಆ ಲೆಕ್ಕ ಹೊರಗಿನ ಯಂತ್ರಕ್ಕೆ ಕಾಣದು. ವಿಜಯನಗರದಲ್ಲಿ ಭೋಗ್ಯಕ್ಕೆ ಮನೆ ಹಿಡಿದವರು ಒಂದು ಕೋಣೆ ಖಾಲಿ ಮಾಡಿ, ಮಾಲೀಕರಿಗೆ ಹೇಳದೆ ಬೀಗ ಹಾಕಿಟ್ಟುಕೊಂಡ ಹಾಗೆ. ಉಬುಂಟು ಅಪ್‌ಡೇಟುಗಳು, ಎನ್‌ಎಸ್2ರ ಕಂಪೈಲು, ಸಿಮ್ಯುಲೇಷನ್ನಿನ ಟ್ರೇಸ್ ಫೈಲುಗಳು ಸೇರಿ ಡಿಸ್ಕ್ 18 ಜಿಬಿಗೆ ಏರಿತೆನ್ನಿ. ಒಳಗೆ 10 ಜಿಬಿ ಅಳಿಸಿದರೂ ಹೊರಗಿನ ಫೈಲು 18ರಲ್ಲೇ ನಿಲ್ಲುತ್ತದೆ.

ಮೊದಲ ಪರಿಹಾರ ಸೊನ್ನೆ. ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿ, ಯಂತ್ರ ನಿಲ್ಲಿಸಿ, ಹೊರಗಿನಿಂದ ‘ಕಾಂಪ್ಯಾಕ್ಟ್’ ಕಮಾಂಡ್ ಕೊಟ್ಟರೆ ಬರೀ ಸೊನ್ನೆಯಿರುವ ತುಂಡುಗಳನ್ನು ವರ್ಚುವಲ್‌ಬಾಕ್ಸ್ ಕಿತ್ತುಹಾಕುತ್ತದೆ. ತುಂಡೊಂದು 1 ಎಂಬಿ. ಅದರ ಮೂಲೆಯಲ್ಲಿ ಒಂದು ಚೂರು ಮಾಹಿತಿ ಉಳಿದಿದ್ದರೂ ಇಡೀ ತುಂಡು ಉಳಿಯುತ್ತದೆ. ಒಳಗಿರುವುದು ವಿಂಡೋಸ್ ಆದರೆ ಸೊನ್ನೆ ತುಂಬಲು ಎಸ್‌ಡಿಲೀಟ್ ಎಂಬ ಸಾಧನವಿದೆ. ಲಿನಕ್ಸ್‌ನಲ್ಲಿ ಸೊನ್ನೆಗಳದ್ದೇ ಒಂದು ಫೈಲನ್ನು ಜಾಗ ಮುಗಿಯುವ ತನಕ ಬರೆಸಿ ಅಳಿಸುವುದು ರೂಢಿ. ಹಾಗೆ ಬರೆಯುವಾಗ ಹೊರಗಿನ ಫೈಲು ತನ್ನ ಪೂರ್ತಿ 20 ಜಿಬಿಗೆ ಉಬ್ಬಿ ಆಮೇಲೆ ಇಳಿಯುತ್ತದೆ. ಜಾಗ ಇಲ್ಲವೆಂದು ಕುಗ್ಗಿಸಲು ಹೊರಟವರಿಗೆ ಕುಗ್ಗಿಸಲಿಕ್ಕೇ ಜಾಗ ಬೇಕು! ಝೀರೋಫ್ರೀ ಎಂಬ ಸಾಧನ ಹಳೆಯ ಮಾಹಿತಿ ಉಳಿದ ಖಾಲಿ ಬ್ಲಾಕುಗಳಿಗೆ ಮಾತ್ರ ಸೊನ್ನೆ ಬರೆದು ಈ ಸಂಕಟ ತಪ್ಪಿಸಿತು.

ಎರಡನೇ ಪರಿಹಾರ ಬಂದದ್ದು ಎಸ್‌ಎಸ್‌ಡಿಗಳಿಂದ. ಯಾವ ಜಾಗ ಖಾಲಿಯೆಂದು ತಿಳಿಯದೆ ಅವು ನಿಧಾನವಾಗುತ್ತಿದ್ದವು. ಅದಕ್ಕಾಗಿ ಆಪರೇಟಿಂಗ್ ಸಿಸ್ಟಂ ಡಿಸ್ಕಿಗೆ ‘ಇದು ಬೇಡ’ ಎಂದು ತಿಳಿಸುವ ಟ್ರಿಮ್ ಆದೇಶ ರೂಪುಗೊಂಡಿತು. 2008ರ ಕೊನೆಯಲ್ಲಿ ಲಿನಕ್ಸ್ ಅದಕ್ಕೆ ನೆಲೆ ಒದಗಿಸಿತು, 2009ರಲ್ಲಿ ವಿಂಡೋಸ್ 7 ಕಲಿಯಿತು. ಅದೇ ಮಾತನ್ನು ನಕಲಿ ಡಿಸ್ಕಿಗೂ ಹೇಳಬಹುದಲ್ಲ! ವರ್ಚುವಲ್‌ಬಾಕ್ಸ್ ಈ ಅನುಕೂಲ ಸೇರಿಸಿಕೊಂಡಿತು, ಕಮಾಂಡ್ ಕೊಟ್ಟು ಚಾಲೂ ಮಾಡಬೇಕು. ಲಿನಕ್ಸ್ ಸರ್ವರುಗಳಲ್ಲಿ ಹೆಚ್ಚು ಬಳಕೆಯ ವರ್ಟಿಯೋ-ಬ್ಲಾಕ್ ಎಂಬ ನಕಲಿ ಡಿಸ್ಕಿಗೆ ಇದು ದಕ್ಕಿದ್ದು 2019ರಲ್ಲಿ.

ದಾರಿ ಸರಾಗವಾಗಿರಲಿಲ್ಲ. 2011ರಲ್ಲಿ ವಿಎಂವೇರ್‌ನ ಸರ್ವರ್ ತಂತ್ರಾಂಶ ವಿಸ್ಫಿಯರ್ 5 ಖಾಲಿ ಜಾಗವನ್ನು ತಾನಾಗಿ ಸ್ಟೋರೇಜ್ ಯಂತ್ರಕ್ಕೆ ಮರಳಿಸತೊಡಗಿತು. ಸ್ಟೋರೇಜ್ ಯಂತ್ರಗಳು ಉತ್ತರಿಸಲು ತಡಮಾಡಿ ಕೆಲಸಗಳು ಅರ್ಧಕ್ಕೆ ನಿಂತಾಗ, ಕಂಪನಿಯೇ ಅದನ್ನು ಬಂದ್ ಮಾಡಿ ಕೈಯಿಂದ ನಡೆಸುವ ಪದ್ಧತಿಗೆ ಮರಳಿತು. ತಾನಾಗಿ ನಡೆಯುವ ವ್ಯವಸ್ಥೆ ಮತ್ತೆ ಬಂದದ್ದು 2016ರ 6.5 ಆವೃತ್ತಿಯಲ್ಲಿ.

ಈಗ ವಿಂಡೋಸ್‌ನಲ್ಲೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್2 ಇದೆ. 2020ರಲ್ಲಿ ಎಲ್ಲರ ಕೈಗೆ ಬಂದ ಅದರ ಡಿಸ್ಕ್ ಫೈಲಿಗೂ ಅದೇ ಚಾಳಿ. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಜಾಗ ತಾನಾಗಿ ಮರಳುವ ಆಯ್ಕೆಯನ್ನು ಪ್ರಾಯೋಗಿಕವಾಗಿ ಕೊಟ್ಟಿತು. ಆಮೇಲೆ ಡೇಟಾ ಕೆಡಬಹುದೆಂದು ಅದನ್ನು ತಡೆಹಿಡಿದು, ಬೇಕೇ ಬೇಕೆನ್ನುವವರು ಕಮಾಂಡಿನ ಕೊನೆಗೆ ‘ಅಲೋ ಅನ್‌ಸೇಫ್’ ಎಂದು ಬರೆಯಬೇಕೆಂಬ ಷರತ್ತು ಹಾಕಿತು. ಹಾಗೆ ಬರೆಯಲು ಮನಸ್ಸಾಗದವರು ಲಿನಕ್ಸ್ ನಿಲ್ಲಿಸಿ, ವಿಂಡೋಸ್‌ನ ಡಿಸ್ಕ್‌ಪಾರ್ಟ್ ಸಾಧನ ತೆರೆದು, ಫೈಲನ್ನು ಕೈಯಿಂದಲೇ ಕುಗ್ಗಿಸುತ್ತಾರೆ.