ಮಹಿಳಾ ಶಾಂತಿವಾದಿಗಳ ಪತ್ರವ್ಯವಹಾರ

ಮೊದಲ ಮಹಾಯುದ್ಧದ ಕಾಲದಲ್ಲಿಯೂ ಅದು ಮುಗಿದ ಮೇಲೂ ಸ್ವದೇಶದ ಜನರಿಂದಲೇ ದೇಶದ್ರೋಹದ ಆರೋಪ ಹೊತ್ತ ಯುರೋಪ್ ಮತ್ತು ಅಮೆರಿಕದ ಶಾಂತಿವಾದಿ ಮಹಿಳೆಯರು ಗಡಿಗಳಾಚೆಗೂ ಪರಸ್ಪರ ಬರೆದುಕೊಂಡ ಪತ್ರಗಳ ಪರಂಪರೆ. ಇದರ ಆರಂಭದ ಪ್ರಮುಖ ನಿದರ್ಶನವೆಂದರೆ ಎಮಿಲಿ ಹಾಬ್‌ಹೌಸ್ ಮುಂದಾಳತ್ವದಲ್ಲಿ 101 ಬ್ರಿಟಿಷ್ ಮಹಿಳೆಯರು ಜರ್ಮನಿ ಹಾಗೂ ಆಸ್ಟ್ರಿಯಾದ ಮಹಿಳೆಯರಿಗೆ ಬರೆದ 1914ರ ಬಹಿರಂಗ ಕ್ರಿಸ್‌ಮಸ್ ಪತ್ರ. ಮತಾಧಿಕಾರ ಚಳವಳಿಯ ಅಂತಾರಾಷ್ಟ್ರೀಯ ಮುಖಪತ್ರವಾಗಿದ್ದ 'ಜಸ್ ಸಫ್ರಾಜಿ'ಯಲ್ಲಿ ಅದು ಅಚ್ಚಾಗಿ, ಶತ್ರುಪಕ್ಷದವರೆನಿಸಿದ್ದ 155 ಮಹಿಳೆಯರ ಉತ್ತರವೂ 1915ರಲ್ಲಿ ಪ್ರಕಟವಾಯಿತು.

ಅದೇ ವರ್ಷ ಹೇಗ್‌ನಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರು ಸೇರಿದ ಸಮ್ಮೇಳನದ ಅಧ್ಯಕ್ಷೆ ಜೇನ್ ಆಡಮ್ಸ್, ಹಿಂದಿರುಗಿದ ಮೇಲೆ ನ್ಯೂಯಾರ್ಕಿನ ಭಾಷಣವೊಂದರಲ್ಲಿ, ಈಟಿಕತ್ತಿ ಹಿಡಿದು ಎದುರಾಳಿಯ ಮೇಲೆ ನುಗ್ಗುವ ಮುನ್ನ ಸೈನಿಕರಿಗೆ ಮದ್ಯ ಕುಡಿಸುತ್ತಾರೆಂದು ತಾವು ಕೇಳಿದ್ದನ್ನು ಹೇಳಿದಾಗ, ಸೈನಿಕರ ಶೌರ್ಯವನ್ನು ಹೀಗಳೆದರೆಂದು ಪತ್ರಿಕೆಗಳು ಮುಗಿಬಿದ್ದವು. ಅಲ್ಲಿಯವರೆಗೆ ಅಮೆರಿಕದಲ್ಲಿ ಅತ್ಯಂತ ಗೌರವಕ್ಕೆ ಪಾತ್ರರಾಗಿದ್ದ ಮಹಿಳೆಯರಲ್ಲಿ ಒಬ್ಬರಾಗಿದ್ದ ಅವರು ಅಂದಿನಿಂದ ಹಲವು ವರ್ಷ ಸಂಶಯದ ವ್ಯಕ್ತಿಯಾದರು. ಅವರ ಸಹವರ್ತಿ ಎಮಿಲಿ ಗ್ರೀನ್ ಬಾಲ್ಚ್, ವೆಲ್ಸ್‌ಲಿ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಷ್ಟು ಕಾಲ ಪಾಠ ಹೇಳಿದ್ದ ಅರ್ಥಶಾಸ್ತ್ರದ ಪ್ರಾಧ್ಯಾಪಕಿ, ಯುದ್ಧವಿರೋಧದ ಕಾರಣದಿಂದ ನೌಕರಿ ಕಳೆದುಕೊಂಡರು.

1919ರ ಮೇ ತಿಂಗಳಲ್ಲಿ ಜ್ಯೂರಿಕ್‌ನಲ್ಲಿ ಮತ್ತೆ ಸೇರಿದ ಮಹಿಳೆಯರು ವರ್ಸೇಲ್ಸ್ ಒಪ್ಪಂದದ ಷರತ್ತುಗಳು ಮುಂದಿನ ಯುದ್ಧಕ್ಕೆ ಬೀಜ ಬಿತ್ತುತ್ತವೆಂದು ಎಚ್ಚರಿಸಿ, ತಮ್ಮ ಸಂಘಟನೆಗೆ 'ಶಾಂತಿ ಮತ್ತು ಸ್ವಾತಂತ್ರ್ಯಕ್ಕಾಗಿನ ಅಂತಾರಾಷ್ಟ್ರೀಯ ಮಹಿಳಾ ಸಂಘ' ಎಂಬ ಹೆಸರನ್ನಿಟ್ಟರು. ಕೆಲಸ ಹೋಗಿದ್ದ ಬಾಲ್ಚ್ ಅದರ ಕಾರ್ಯದರ್ಶಿಯಾಗಿ ಜಿನೀವಾದಲ್ಲಿ ನೆಲೆಸಿದರು. ಹೀಗೆ ಒಂದು ದೇಶ ಹೊರಗಟ್ಟಿದ ವಿದ್ವತ್ತು ಹಲವು ದೇಶಗಳ ಪತ್ರಗಳು ಬಂದು ಸೇರುವ ಕಚೇರಿಯೊಂದನ್ನು ಕಟ್ಟಿತೆಂಬುದು ಗಮನಾರ್ಹ. ವೇದಿಕೆ, ಪತ್ರಿಕೆ, ಉದ್ಯೋಗ ಮೂರೂ ಕೈತಪ್ಪಿದವರಿಗೆ ಪತ್ರವೇ ಸಭೆಯೂ ಸಾಂತ್ವನವೂ ಆಗಿತ್ತು.

ಎಲ್ಲರಿಗಿಂತ ಹೆಚ್ಚು ನೊಂದವರು ಬಹುಶಃ ಹಂಗೇರಿಯ ರೋಸಿಕಾ ಶ್ವಿಮ್ಮರ್. ತಾಯ್ನಾಡನ್ನು ತೊರೆದು 1921ರಲ್ಲಿ ಅಮೆರಿಕ ಸೇರಿದ ಅವರ ಮೇಲೆ ಗೂಢಚಾರಿಣಿ ಎಂಬ ಅಪವಾದ ಬಂತು. ಶಸ್ತ್ರ ಹಿಡಿಯಲಾರೆನೆಂದು ಸ್ಪಷ್ಟವಾಗಿ ಹೇಳಿದ್ದರಿಂದ 1929ರಲ್ಲಿ ಸುಪ್ರೀಂ ಕೋರ್ಟು ಅವರಿಗೆ ಪೌರತ್ವ ನಿರಾಕರಿಸಿತು. ಆಗ ಐವತ್ತು ದಾಟಿದ್ದ ಆ ಮಹಿಳೆಯನ್ನು ಯಾವ ಸೇನೆಯೂ ಕರೆಯುವಂತಿರಲಿಲ್ಲ. 1948ರಲ್ಲಿ ತೀರಿಕೊಳ್ಳುವವರೆಗೂ ಅವರು ಯಾವ ದೇಶದ ಪ್ರಜೆಯೂ ಆಗಿರಲಿಲ್ಲ.

ಆಡಮ್ಸ್‌ಗೆ 1931ರಲ್ಲಿ, ಬಾಲ್ಚ್‌ಗೆ 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು. ಆಡಮ್ಸ್ ಕೊಟ್ಟ ಕಾಗದಪತ್ರಗಳಿಂದ ಸ್ವಾರ್ಥ್‌ಮೋರ್ ಕಾಲೇಜಿನ ಶಾಂತಿ ಸಂಗ್ರಹ ಆರಂಭವಾಯಿತು. ಜರ್ಮನಿಯ ಅನಿತಾ ಔಗ್ಸ್‌ಪುರ್ಗ್ ಮತ್ತು ಲಿಡಾ ಗುಸ್ತಾವಾ ಹೈಮನ್ ಅವರ ಸಂಗ್ರಹಕ್ಕೆ ಆ ಭಾಗ್ಯವಿರಲಿಲ್ಲ: 1933ರಲ್ಲಿ ಅವರು ವಿದೇಶದಲ್ಲಿದ್ದಾಗ ನಾಜಿಗಳು ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡರು, ದಶಕಗಳ ಕಾಗದಪತ್ರಗಳೂ ಅದರೊಡನೆ ಹೋದವು, ಸ್ವಿಟ್ಜರ್‌ಲೆಂಡಿನಲ್ಲಿ ನೆಲೆಸಿದ ಅವರಿಬ್ಬರು ತಮ್ಮ ಆತ್ಮಕಥನವನ್ನು ನೆನಪಿನ ಬಲದಿಂದಲೇ ಬರೆಯಬೇಕಾಯಿತು.