ಗೆಲ್ಲಲು ಅಲ್ಲ, ಸೋಲಲು ಪೈಪೋಟಿ! ಲಂಡನ್ ಒಲಿಂಪಿಕ್ಸ್‌ನಲ್ಲಿ 8 ಆಟಗಾರ್ತಿಯರು ಹೊರಬಿದ್ದಿದ್ದೇಕೆ?

2012ರ ಜುಲೈ 31, ಲಂಡನ್‌ನ ವೆಂಬ್ಲಿ ಅರೆನಾ. ಒಲಿಂಪಿಕ್ಸ್ ಮಹಿಳಾ ಡಬಲ್ಸ್ ಬ್ಯಾಡ್ಮಿಂಟನ್ ಪಂದ್ಯ. ಅಗ್ರ ಶ್ರೇಯಾಂಕದ ಚೀನಾ ಜೋಡಿ ವಾಂಗ್ ಶಿಯಾವೊಲಿ-ಯು ಯಾಂಗ್ ಬೇಕೆಂದೇ ಸರ್ವ್‌ಗಳನ್ನು ನೆಟ್‌ಗೆ ಹೊಡೆಯುತ್ತಿದ್ದರು. ಎದುರಿಗಿದ್ದ ದಕ್ಷಿಣ ಕೊರಿಯಾ ಆಟಗಾರ್ತಿಯರದ್ದೂ ಅದೇ ಕಥೆ. ಮೊದಲ ಗೇಮ್‌ನ ಅತಿ ದೀರ್ಘ ರ‍್ಯಾಲಿಯಲ್ಲಿ ಇದ್ದದ್ದು ಕೇವಲ 4 ಹೊಡೆತ! ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದರು. ಕೊನೆಗೆ 'ಸೋಲುವ' ಪೈಪೋಟಿಯಲ್ಲಿ ಚೀನಾದ ಕೈ ಮೇಲಾಯಿತು: 14-21, 11-21.

ಸೋತರೆ ಲಾಭವೇನು? ಉತ್ತರ ಟೂರ್ನಿಯ ಮಾದರಿಯಲ್ಲಿದೆ. ಹಿಂದಿನ ಒಲಿಂಪಿಕ್ಸ್‌ಗಳ ನೇರ ನಾಕೌಟ್ ಬದಲು ಲಂಡನ್‌ನಲ್ಲಿ ಗುಂಪು ಹಂತ ತರಲಾಗಿತ್ತು. 4 ಗುಂಪು, 16 ಜೋಡಿ. ಪ್ರತಿ ಗುಂಪಿನಿಂದ ಇಬ್ಬರು ಕ್ವಾರ್ಟರ್‌ಫೈನಲ್‌ಗೆ. ಯಾವ ಸ್ಥಾನ ಪಡೆದವರಿಗೆ ಯಾವ ಗುಂಪಿನವರು ಎದುರಾಳಿ ಎಂಬುದೂ ಮೊದಲೇ ನಿಗದಿ. ಚೀನಾದ ಇನ್ನೊಂದು ಜೋಡಿ ಟಿಯಾನ್ ಚಿಂಗ್-ಝಾವೊ ಯುನ್‌ಲೇ ಅನಿರೀಕ್ಷಿತವಾಗಿ ಡೆನ್ಮಾರ್ಕ್‌ಗೆ ಸೋತು ಗುಂಪಿನಲ್ಲಿ 2ನೇ ಸ್ಥಾನಕ್ಕಿಳಿದಿತ್ತು. ಹೀಗಾಗಿ ವಾಂಗ್-ಯು ಗೆದ್ದರೆ ತಮ್ಮದೇ ದೇಶದವರನ್ನು ಸೆಮಿಫೈನಲ್‌ನಲ್ಲೇ ಎದುರಿಸಬೇಕಿತ್ತು. ಸೋತರೆ ಫೈನಲ್‌ವರೆಗೆ ಮುಖಾಮುಖಿ ಇಲ್ಲ. ಚಿನ್ನ, ಬೆಳ್ಳಿ ಎರಡೂ ಚೀನಾಕ್ಕೆ. ಮುಂದಿನ ಹಂತ ಖಚಿತವಾಗಿದ್ದರಿಂದ ಕಳೆದುಕೊಳ್ಳುವುದೂ ಏನಿರಲಿಲ್ಲ.

ಈಗ 2ನೇ ಸ್ಥಾನದಲ್ಲಿದ್ದ ವಾಂಗ್-ಯು ಜೋಡಿಯನ್ನು ತಪ್ಪಿಸಿಕೊಳ್ಳಲು ಅಂದೇ ಕೊರಿಯಾದ ಮತ್ತೊಂದು ಜೋಡಿ ಮತ್ತು ಇಂಡೋನೇಷ್ಯಾ ಕೂಡ ಸೋಲಲು ಪರದಾಡಿದವು. ರೆಫರಿ ಕಪ್ಪು ಕಾರ್ಡ್ ತೋರಿಸಿ, ನಂತರ ಹಿಂಪಡೆದರು. ಮರುದಿನ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ನಾಲ್ಕೂ ಜೋಡಿಗಳನ್ನು ಹೊರಹಾಕಿತು. ಆರೋಪ: ಗೆಲ್ಲಲು ಪೂರ್ಣ ಪ್ರಯತ್ನ ಮಾಡದಿರುವುದು. ಆಟಗಾರ್ತಿಯರ ತಪ್ಪಿಗೆ ಕ್ಷಮೆ ಇಲ್ಲ ನಿಜ. ಆದರೆ ಸೋಲಿಗೇ ಬಹುಮಾನ ಇಟ್ಟ ವೇಳಾಪಟ್ಟಿ ಮಾಡಿದವರಿಗೆ ಯಾವ ಕಾರ್ಡ್ ತೋರಿಸಬೇಕಿತ್ತು?

ಫುಟ್‌ಬಾಲ್ ಈ ಪಾಠವನ್ನು ಬಹಳ ಹಿಂದೆಯೇ ಕಲಿತಿತ್ತು. 1982ರ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿ 1-0 ಮುನ್ನಡೆ ಪಡೆದ ಮೇಲೆ ಆಸ್ಟ್ರಿಯಾ ಜೊತೆ ಚೆಂಡು ತಳ್ಳುತ್ತಾ ಕಾಲ ಕಳೆಯಿತು. ಇಬ್ಬರೂ ಮುಂದಿನ ಸುತ್ತಿಗೆ, ಹಿಂದಿನ ದಿನವೇ ಪಂದ್ಯ ಮುಗಿಸಿದ್ದ ಅಲ್ಜೀರಿಯಾ ಮನೆಗೆ. 1986ರಿಂದ ಗುಂಪಿನ ಕೊನೆಯ ಪಂದ್ಯಗಳು ಏಕಕಾಲಕ್ಕೆ ನಡೆಯುತ್ತಿವೆ. ಕೋರ್ಟ್‌ಗಳು ಕಡಿಮೆ ಇರುವ ಬ್ಯಾಡ್ಮಿಂಟನ್‌ನಲ್ಲಿ ಅದು ಕಷ್ಟ. ಹಾಗಾಗಿ ಲಂಡನ್ ನಂತರ, ಡಬಲ್ಸ್ ಗುಂಪುಗಳ 2ನೇ ಸ್ಥಾನಿಗಳ ಎದುರಾಳಿ ಯಾರೆಂದು ಗುಂಪು ಹಂತ ಮುಗಿದ ಮೇಲೆ ಡ್ರಾ ಮೂಲಕ ನಿರ್ಧರಿಸುವ ನಿಯಮ ಬಂತು.

ಇದರಲ್ಲಿ ನಮ್ಮವರ ನೋವೂ ಇದೆ. ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಬೇರೊಂದು ಗುಂಪಿನಲ್ಲಿ 2 ಪಂದ್ಯ ಗೆದ್ದೂ, ಒಂದೇ ಒಂದು ಅಂಕದ ಅಂತರದಿಂದ ಹೊರಬಿದ್ದರು. ಅದೇ ಗುಂಪಿನ ಜಪಾನ್-ಚೈನೀಸ್ ತೈಪೆ ಪಂದ್ಯದ ಬಗ್ಗೆ ಭಾರತ ಕೊಟ್ಟ ದೂರು ತಿರಸ್ಕೃತವಾಯಿತು. ಅನರ್ಹರಾದವರ ಜಾಗ ಅವರವರ ಗುಂಪಿನ ಉಳಿದ ಜೋಡಿಗಳಿಗೇ ಸಿಕ್ಕಿತು. ಗುಂಪಿನ ಮೂರೂ ಪಂದ್ಯ ಸೋತಿದ್ದ ಕೆನಡಾ ಜೋಡಿ ಸೆಮಿಫೈನಲ್ ಆಡಿತು, ರಷ್ಯಾ ಕಂಚು ಗೆದ್ದಿತು.